ಹೆವಿ ಮೆಟಲ್: ಪ್ರಥಮ ಶ್ರವಣ

ಹೆವಿ ಮೆಟಲ್ ಎಂಬ ಸಂಗೀತಪ್ರಕಾರವನ್ನು ಹೊಸದಾಗಿ ಕೇಳತೊಡಗುವವರ ಕಿವಿಗೆ ಮೊದಲು ಬಡಿಯುವುದು ಅದರ ಸದ್ದು. ಆ ಸದ್ದಿನ ಒಳಗಿರುವ ವಿನ್ಯಾಸವು ಗೋಚರವಾಗುವ ಮುನ್ನವೇ ಬಹುಮಂದಿ ಅದನ್ನು ಬರಿಯ ಗದ್ದಲವೆಂದು ಬಗೆದು ಕೈಬಿಡುತ್ತಾರೆ. ರಾಬರ್ಟ್‌ಸನ್‌ಪೇಟೆಯವರಿಗೆ ಈ ವಿಷಯದಲ್ಲಿ ವಿಶೇಷವಾದೊಂದು ಅನುಕೂಲವಿದೆಯೆಂದು ನನ್ನ ನಂಬಿಕೆ. ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದು ದುಡಿದವರ ಊರು ಇದು; ಅದಿರನ್ನು ಕುಟ್ಟುವ ಯಂತ್ರಗಳ ಸದ್ದಿನಲ್ಲಿ, ಪಾತಾಳದಲ್ಲೆಲ್ಲೋ ಬಂಡೆ ಸಿಡಿದರೆ ಮೇಲಿನ ಮನೆಗಳು ನಡುಗುತ್ತಿದ್ದ ಆ ಕಂಪನದಲ್ಲಿ, ತಲೆಮಾರುಗಳು ಇಲ್ಲಿ ಬಾಳಿದುವು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಹೆವಿ ಮೆಟಲ್ ಜನಿಸಿದುದೂ ಯಂತ್ರಗಳ ನಡುವೆ ದುಡಿಯುವವರ ಊರಿನಲ್ಲಿಯೇ.

ಆ ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಅಲ್ಲಿನ ತಗಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗನು, ಕೆಲಸ ಬಿಡಬೇಕೆಂದಿದ್ದ ಕಡೆಯ ದಿನದಂದೇ, ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕೊಟ್ಟನು. ಆತನು ಎಡಚನಾದುದರಿಂದ ಗಿಟಾರಿನ ತಂತಿಗಳನ್ನು ಒತ್ತಬೇಕಾದ ಕೈ ಅದೇ ಆಗಿತ್ತು. ಬೆಂಕಿಯಲ್ಲಿ ಎರಡು ಬೆರಳು ಕುಗ್ಗಿಹೋದ ಮೇಲೂ ಅದ್ಭುತವಾಗಿ ನುಡಿಸಿದ ಜಾಂಗೋ ರೈನ್‌ಹಾರ್ಟ್ ಎಂಬ ಗಿಟಾರ್‌ವಾದಕನ ಧ್ವನಿಮುದ್ರಿಕೆಯನ್ನು ಕಾರ್ಖಾನೆಯ ಮೇಸ್ತ್ರಿಯು ತಂದು ಕೇಳಿಸಿದ ಬಳಿಕ, ಅಯೋಮಿಯು ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡು, ಅವುಗಳ ಮೇಲೆ ಚರ್ಮದ ಚೂರು ಅಂಟಿಸಿ, ತೆಳುವಾದ ತಂತಿಗಳನ್ನು ಬಿಗಿದು ಮರಳಿ ನುಡಿಸತೊಡಗಿದನು. ಮುಂದೆ, 1971ರ ವೇಳೆಗೆ, ಶ್ರುತಿಯನ್ನೇ ಮೂರು ಸ್ವರಸ್ಥಾನಗಳಷ್ಟು ತಗ್ಗಿಸಿದನು. ತಂತಿಯ ಬಿಗಿ ಸಡಿಲಿ ಬೆರಳಿಗೆ ಸುಲಭವಾಯಿತು, ನಾದಕ್ಕೆ ಹಿಂದಿಲ್ಲದ ಗಾಂಭೀರ್ಯ ಬಂತು. ಒಬ್ಬ ಕಾರ್ಮಿಕನ ಗಾಯವು ಸಂಗೀತಪ್ರಕಾರವೊಂದರ ಧ್ವನಿಯನ್ನೇ ರೂಪಿಸಿದ ಈ ವೃತ್ತಾಂತವನ್ನು ಗಣಿಯ ಊರಿನವರು ಹೃದಯದಿಂದ ಗ್ರಹಿಸಬಲ್ಲರು.

ಅಯೋಮಿಯ ತಂಡವಾದ ಬ್ಲ್ಯಾಕ್ ಸಬ್ಬತ್‌ನ ಪ್ರಥಮ ಆಲ್ಬಂ ಹೊರಬಂದುದು 1970ರ ಫೆಬ್ರವರಿ 13ರಂದು. ಹೊಸಬರು ಇದರಿಂದಲೇ ಆರಂಭಿಸುವುದು ಲೇಸು. ತಂಡದ ಹೆಸರನ್ನೇ ಹೊತ್ತ ಮೊದಲ ಹಾಡಿನಲ್ಲಿ ಗಿಟಾರು ಕೆಳಗಿನ ಷಡ್ಜವನ್ನು ನುಡಿದು, ಮೇಲಿನ ಷಡ್ಜಕ್ಕೆ ನೆಗೆದು, ಅವೆರಡರ ನಟ್ಟನಡುವಿನ ಪ್ರತಿಮಧ್ಯಮಕ್ಕೆ ಇಳಿದು, ಅಲ್ಲಿಯೇ ಕಂಪಿಸುತ್ತ ನಿಲ್ಲುತ್ತದೆ. ಪಾಶ್ಚಾತ್ಯರ ಕಿವಿಗೆ ಬಹುಕಾಲ ಅಶಾಂತಿಯ ಸಂಕೇತವಾಗಿದ್ದ ಈ ಅಂತರವು ನಮ್ಮ ಎಪ್ಪತ್ತೆರಡು ಮೇಳಕರ್ತರಾಗಗಳಲ್ಲಿ ಅರ್ಧಕ್ಕೆ ಆಧಾರ. ಕಲ್ಯಾಣಿಯನ್ನು ಕೇಳಿ ಬೆಳೆದವರಿಗೆ ಆ ಸ್ವರದ ಪರಿಚಯ ಮಾಡಿಸಬೇಕಾಗಿಲ್ಲ. ಕಲ್ಯಾಣಿಯಲ್ಲಿ ಮಂಗಳಕರವಾಗಿ ತೋರುವ ಸ್ವರವೇ ಇಲ್ಲಿ, ನಿಧಾನಗತಿಯಲ್ಲಿ ಮತ್ತೆ ಮತ್ತೆ ಎದುರಾದಾಗ, ಭಯಾನಕರಸವನ್ನು ಹೇಗೆ ತರುತ್ತದೆ ಎಂಬುದನ್ನು ಗಮನಿಸುವುದೇ ಉತ್ತಮ ಅಭ್ಯಾಸ.

ಗಿಟಾರಿನ ಆ ಕರ್ಕಶತೆಯೂ ಅಕಾರಣವಾದುದಲ್ಲ. ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ದುಡಿಸಿದಾಗ ನಾದತರಂಗಗಳ ಶಿಖರಗಳು ಕತ್ತರಿಸಿದಂತಾಗಿ, ಮೂಲಸ್ವರದೊಡನೆ ಅನೇಕ ಉಪಸ್ವರಗಳು ಹೊಮ್ಮುತ್ತವೆ. ಇಂಥ ನಾದದಲ್ಲಿ ಗಾಂಧಾರವನ್ನು ಸೇರಿಸಿದರೆ ಕಲಸಿಹೋಗುವುದರಿಂದ ವಾದಕರು ಬಹುಮಟ್ಟಿಗೆ ಷಡ್ಜ ಪಂಚಮಗಳನ್ನಷ್ಟೇ ಜೊತೆಯಾಗಿ ಮೀಟುತ್ತಾರೆ. ತಂಬೂರಿಯ ಶ್ರುತಿಯಲ್ಲಿರುವುದೂ ಇವೆರಡೇ ಅಲ್ಲವೆ?

ಮಾರಿಕುಪ್ಪಂನಿಂದ ಬೆಂಗಳೂರಿಗೆ ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಮೂವತ್ತೆಂಟು ನಿಮಿಷದ ಈ ಆಲ್ಬಮನ್ನು ಎರಡು ಸಲ ಕೇಳಲು ರೈಲಿನ ಒಂದು ಪಯಣವೇ ಸಾಕು. ಮೊದಲ ಸಲ ಹಾಡುಗಾರನನ್ನು ಮರೆತು, ಆವರ್ತದಂತೆ ಮರಳಿ ಬರುವ ಗಿಟಾರಿನ ತುಣುಕನ್ನು, ಅಂದರೆ ರಿಫ್ಫನ್ನು ಮಾತ್ರ ಅನುಸರಿಸಬೇಕು. ಅದೇ ಇಲ್ಲಿ ಪಲ್ಲವಿ. ಮತ್ತೊಮ್ಮೆ ಕೇಳುವಾಗ ಬೇಸ್ ಗಿಟಾರನ್ನೂ ಡ್ರಮ್ಮನ್ನೂ ಬೇರ್ಪಡಿಸಿಕೊಳ್ಳುವುದು ಕಷ್ಟವಾಗದು. ಧ್ವನಿಯನ್ನು ಮಿತಿಯಲ್ಲಿಡಬೇಕು; ವಿನ್ಯಾಸವು ತಗ್ಗಿದ ಧ್ವನಿಯಲ್ಲೇ ಹೆಚ್ಚು ಸ್ಪಷ್ಟ. ಇಷ್ಟು ಪಳಗಿದ ಮೇಲೆ ಜೋಡಿಗಿಟಾರುಗಳ ಸಂವಾದಕ್ಕಾಗಿ ಐರನ್ ಮೇಡನ್ ತಂಡವನ್ನೂ, ವೇಗಕ್ಕಾಗಿ 1986ರಲ್ಲಿ ಬಂದ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಆಲ್ಬಮನ್ನೂ ಕೇಳಬಹುದು.

ಈ ಎರಡು ತಂಡಗಳೂ ಬೆಂಗಳೂರಿಗೆ ಬಂದುವು: 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ, ಎರಡೂ ಅರಮನೆ ಮೈದಾನದಲ್ಲಿ. ಆದರೆ ಬೆಂಗಳೂರು ಕೇವಲ ಕೇಳುಗರ ನಗರವಲ್ಲ. 1998ರಲ್ಲಿ ಅಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡವು 2004ರಲ್ಲಿ 'ಸ್ಪೈರಲ್ ಅಸೆಂಟ್' ಎಂಬ ತನ್ನ ಮೊದಲ ಆಲ್ಬಮನ್ನು ಹೊರತಂದು, 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ಹೊಸ ಕೇಳುಗರಿಗೆ ಕಟ್ಟಕಡೆಯ ತಡೆಯೆಂದರೆ ಗದರುವ ಕಂಠ. ಗಾಯನವೆಂದರೆ ಮಾಧುರ್ಯವೆಂದೇ ತಿಳಿದವರು ಇಲ್ಲಿ ಹಿಂಜರಿಯುವುದು ಸಹಜ. ಕ್ರಿಪ್ಟೋಸ್‌ನಲ್ಲಿ ಕಂಠವು ಒರಟಾದರೂ ಗಿಟಾರುಗಳ ಜೋಡಿನಡೆಯು ರಾಗವನ್ನು ಎಂದೂ ಬಿಟ್ಟುಕೊಡುವುದಿಲ್ಲ. ಕಿವಿಯನ್ನು ಗಿಟಾರಿನಲ್ಲಿ ನೆಲೆಗೊಳಿಸಿ, ಕಂಠವನ್ನು ತಾಳವಾದ್ಯದಂತೆ ಪಕ್ಕದಲ್ಲಿ ಬರಗೊಟ್ಟರೆ, ಆ ಒರಟುತನವು ಬಹುಬೇಗನೆ ಹಾಡಿನ ಅಂಗವಾಗಿ ಕೇಳತೊಡಗುತ್ತದೆ.