ಹೂವಿನಂಗಡಿಗೆ ಪಿನ್ ಬಂದ ಕಥೆ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಮಲ್ಲಿಗೆ, ಕನಕಾಂಬರ ಮೊಳದ ಲೆಕ್ಕ. ಸೇವಂತಿಗೆ ಮಾರಿನ ಲೆಕ್ಕ. ತಾವರೆ ಜೋಡಿಗಿಷ್ಟು ಎಂದು. ಹತ್ತು ವರ್ಷದ ಹಿಂದೆ ಈ ಗದ್ದಲದಲ್ಲಿ ಎಲ್ಲಕ್ಕಿಂತ ಹೆಚ್ಚು ಕಿವಿಗೆ ಬೀಳುತ್ತಿದ್ದ ಮಾತು "ಚಿಲ್ಲರೆ ಕೊಡಿ ಅಮ್ಮಾ". ಈಗ ಆ ಜಾಗದಲ್ಲಿ "ಸ್ಕ್ಯಾನ್ ಮಾಡಿ ಅಕ್ಕಾ" ಬಂದು ಕೂತಿದೆ. ಹೂವಿನ ಬುಟ್ಟಿಗೆ ಒರಗಿಸಿಟ್ಟ ರಟ್ಟಿನ ಮೇಲೆ ಕಪ್ಪು ಬಿಳುಪಿನ ಚೌಕ, ಪಕ್ಕದಲ್ಲಿ ಬಂದ ದುಡ್ಡನ್ನು ಕೂಗಿ ಹೇಳುವ ಪುಟ್ಟ ಪೆಟ್ಟಿಗೆ.

ಇದೇ ಬಡಾವಣೆಯಲ್ಲಿ ಪಿಂಚಣಿ ನೆಚ್ಚಿಕೊಂಡು ಬದುಕುವ, ಮಕ್ಕಳು ದೂರದ ಊರುಗಳಲ್ಲಿರುವ ಹಿರಿಯರು ಬಹಳ. ಅವರ ಮೊಬೈಲಿಗೆ ದಿನವೂ ಎಚ್ಚರಿಕೆಯ ಸಂದೇಶಗಳು ಬರುತ್ತಿರುತ್ತವೆ: ಅದನ್ನು ಒತ್ತಬೇಡಿ, ಇದನ್ನು ಹೇಳಬೇಡಿ. ಬೇಡಗಳ ಪಟ್ಟಿ ಉದ್ದವಾದಷ್ಟೂ ಗಾಬರಿಯ ಹೊತ್ತಿಗೆ ನೆನಪಿಗೆ ಬರುವುದಿಲ್ಲ. ಕಾರಣ ತಿಳಿದಿದ್ದರೆ ಮಾತ್ರ ಅದು ಮನಸ್ಸಿನಲ್ಲಿ ನಿಲ್ಲುತ್ತದೆ ಎಂದು ನಾನು ನಂಬಿದ್ದೇನೆ. ಹೂವಿನಂಗಡಿಯ ಆ ಚೌಕವೂ ಕೊಳ್ಳುವವರು ಒತ್ತುವ ಪಿನ್ನೂ ಎಲ್ಲಿಂದ ಬಂದವು, ಯಾವುದಕ್ಕೆ ಬಂದವು ಎಂದು ತಿಳಿದವರನ್ನು ಮೋಸಗೊಳಿಸುವುದು ಅಷ್ಟು ಸುಲಭವಲ್ಲ.

ಪಿನ್ ಹಳೆಯದು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್‌ಕ್ಲೇಸ್ ಬ್ಯಾಂಕು ಹಣ ಕೊಡುವ ಯಂತ್ರವೊಂದನ್ನು ಗೋಡೆಯಲ್ಲಿ ಕೂರಿಸಿತು. ಅದನ್ನು ರೂಪಿಸಿದ ಜಾನ್ ಶೆಫರ್ಡ್-ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಗುಪ್ತ ಸಂಖ್ಯೆಗೆ ಮೊದಲು ಆರು ಅಂಕಿ ಇಡಬೇಕೆಂದುಕೊಂಡಿದ್ದರಂತೆ. ನಾಲ್ಕಕ್ಕಿಂತ ಹೆಚ್ಚು ನೆನಪಿರುವುದಿಲ್ಲ ಎಂದು ಹೆಂಡತಿ ಹೇಳಿದ ಮೇಲೆ ನಾಲ್ಕಕ್ಕೆ ಇಳಿಸಿದ್ದಾಗಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೋ ಇಂಥದೇ ಗುಪ್ತ ಸಂಖ್ಯೆಗೆ 1966ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು. ಯಾರು ಮೊದಲಿಗರು ಎಂಬ ವಾದ ಏನೇ ಇರಲಿ, ಆ ಸಂಖ್ಯೆಯ ಕೆಲಸ ಅಂದೇ ಗೊತ್ತಾಗಿತ್ತು: ಖಾತೆಯಿಂದ ಹಣ ಹೊರಗೆ ಹೋಗುವಾಗ ಖಾತೆದಾರರ ಒಪ್ಪಿಗೆ ಪಡೆಯುವುದು. ಬೇರೆಯವರು ನಿಮ್ಮ ಖಾತೆಗೆ ಹಣ ಕಟ್ಟುವುದಕ್ಕೆ ನಿಮ್ಮ ಪಿನ್ ಅಂದೂ ಬೇಕಿರಲಿಲ್ಲ, ಇಂದೂ ಬೇಕಿಲ್ಲ. ಈ ಲೇಖನದಲ್ಲಿ ಒಂದೇ ಒಂದು ವಾಕ್ಯ ನೆನಪಿಟ್ಟುಕೊಳ್ಳುವುದಾದರೆ ಅದನ್ನು ಇಟ್ಟುಕೊಳ್ಳಿ.

ಭಾರತಕ್ಕೆ ಎಟಿಎಂ ಬಂದದ್ದು 1987ರಲ್ಲಿ, ಮುಂಬೈಗೆ. ಆಮೇಲೆ ಕಾರ್ಡಿನಿಂದ ಇಂಟರ್‌ನೆಟ್ಟಿನಲ್ಲಿ ಕೊಳ್ಳುವುದು ಶುರುವಾದಾಗ ಹೊಸ ಕಷ್ಟ ಎದುರಾಯಿತು. ಕಾರ್ಡಿನ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿ ಎಲ್ಲವೂ ಕಾರ್ಡಿನ ಮೇಲೇ ಅಚ್ಚಾಗಿರುತ್ತವೆ. ನೋಡಿ ಬರೆದುಕೊಂಡವರು ಯಾರು ಬೇಕಾದರೂ ಖರ್ಚು ಮಾಡಬಹುದಿತ್ತು. ರಿಸರ್ವ್ ಬ್ಯಾಂಕು 2009ರ ಫೆಬ್ರುವರಿಯಲ್ಲಿ ಸುತ್ತೋಲೆ ಹೊರಡಿಸಿ, ಆಗಸ್ಟ್ 1ರಿಂದ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುಟ್ಟನ್ನೂ ಕೇಳಲೇಬೇಕು ಎಂದು ಕಟ್ಟಳೆ ಮಾಡಿತು. ಓಟಿಪಿ ಮನೆಮಾತಾದದ್ದು ಹೀಗೆ. ಎಷ್ಟೋ ಮುಂದುವರಿದ ದೇಶಗಳು ಆಗಿನ್ನೂ ಇಷ್ಟು ಬಿಗಿ ಮಾಡಿರಲಿಲ್ಲ. ವ್ಯಾಪಾರಿಗಳು ಗೊಣಗಿದರೂ ರಿಸರ್ವ್ ಬ್ಯಾಂಕು ಬಗ್ಗಲಿಲ್ಲ, ಅದಕ್ಕಾಗಿ ಅದನ್ನು ಮೆಚ್ಚಲೇಬೇಕು.

ಮೊಬೈಲಿನಿಂದ ತಕ್ಷಣ ಹಣ ಕಳಿಸುವ ಐಎಂಪಿಎಸ್ 2010ರ ನವೆಂಬರಿನಲ್ಲಿ ಬಂತು. ಆದರೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಎಂದು ಉದ್ದನೆಯ ಅಂಕಿಗಳನ್ನು ಕೇಳುವ ವ್ಯವಸ್ಥೆ ಎರಡು ಮೊಳ ಮಲ್ಲಿಗೆಗೆ ಹೊಂದುತ್ತಿರಲಿಲ್ಲ. ಅದರ ಮೇಲೆ ಕಟ್ಟಿದ್ದು ಯುಪಿಐ. 2016ರ ಏಪ್ರಿಲ್ 11ರಂದು ಮುಂಬೈನಲ್ಲಿ ರಿಸರ್ವ್ ಬ್ಯಾಂಕಿನ ಆಗಿನ ಗವರ್ನರ್ ರಘುರಾಂ ರಾಜನ್ ಅದಕ್ಕೆ ಚಾಲನೆ ಕೊಟ್ಟರು. 21 ಬ್ಯಾಂಕುಗಳು ಪ್ರಯೋಗಕ್ಕೆ ಸೇರಿದವು. ಯುಪಿಐ ನಡೆಸುವ ಎನ್‌ಪಿಸಿಐ ಮುಂಬೈಯದಾದರೂ ಅದರ ಹಿಂದಿನ ಯೋಚನೆಯಲ್ಲಿ ಬೆಂಗಳೂರಿನ ಪಾಲು ದೊಡ್ಡದು. ನಂದನ್ ನಿಲೇಕಣಿ ಎನ್‌ಪಿಸಿಐಗೆ ಸಲಹೆಗಾರರಾಗಿದ್ದರು, ಐಸ್ಪಿರಿಟ್ ಎಂಬ ಬೆಂಗಳೂರಿನ ಸಂಸ್ಥೆಯ ಸ್ವಯಂಸೇವಕರು ನೆರವಾದರು, 2015ರ ಡಿಸೆಂಬರಿನಲ್ಲಿ ಹುಟ್ಟಿದ ಫೋನ್‌ಪೇ ಕೂಡ ಈ ಊರಿನದೇ.

ಯುಪಿಐಗೆ ಎರಡು ಬೀಗ. ಮೊದಲನೆಯದು ನಿಮ್ಮ ಫೋನೇ. ಆ್ಯಪ್ ಹಾಕಿಕೊಂಡ ದಿನ ನಿಮ್ಮ ಸಿಮ್‌ನಿಂದ ತಾನಾಗಿಯೇ ಒಂದು ಎಸ್ಸೆಮ್ಮೆಸ್ ಹೋಗುತ್ತದೆ. ಈ ನಂಬರು, ಈ ಫೋನು, ಈ ಖಾತೆ ಒಬ್ಬರದೇ ಎಂದು ಗಂಟು ಹಾಕುವುದು ಅದೇ. ಎರಡನೆಯದು ಪಿನ್. ಪಿನ್ ಒತ್ತುವ ಆ ಪರದೆ ಎನ್‌ಪಿಸಿಐ ಕೊಟ್ಟದ್ದು, ಆ್ಯಪಿನವರದಲ್ಲ. ಒತ್ತಿದ ಅಂಕಿ ಅಲ್ಲೇ ಗೂಢಲಿಪಿಯಾಗಿ ಬ್ಯಾಂಕಿಗೆ ಹೋಗುತ್ತದೆ, ಆ್ಯಪಿನ ಕಂಪನಿಗೂ ಕಾಣುವುದಿಲ್ಲ. ಕಂಪನಿಗೇ ಕಾಣದ ಅಂಕಿಯನ್ನು "ಕಂಪನಿಯಿಂದ ಮಾತಾಡ್ತಿದ್ದೀವಿ, ಪಿನ್ ಹೇಳಿ" ಎಂದು ಕೇಳುವವರು ಕಳ್ಳರೇ.

ಇನ್ನು ಆ ಚೌಕ, ಅಂದರೆ ಕ್ಯೂಆರ್. ಅದು ಜಪಾನಿನದು, ಹುಟ್ಟಿದ್ದು 1994ರಲ್ಲಿ. ಟೊಯೋಟಾ ಬಳಗದ ಡೆನ್ಸೊ ಕಂಪನಿಯಲ್ಲಿ ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಹಳೆಯ ಬಾರ್‌ಕೋಡ್ ಸಾಲದಾದಾಗ ಮಸಾಹಿರೊ ಹಾರ ಎಂಬ ಎಂಜಿನಿಯರ್ ಇದನ್ನು ರೂಪಿಸಿದರು. ಕಪ್ಪು ಬಿಳಿ ಕಾಯಿಗಳಿಂದ ಆಡುವ ಗೋ ಆಟದ ಮಣೆ ಅವರಿಗೆ ಹೊಳಹು ಕೊಟ್ಟಿತಂತೆ. ಮೂರು ಮೂಲೆಗಳ ದೊಡ್ಡ ಚೌಕಗಳಲ್ಲಿ ಕಪ್ಪು ಬಿಳುಪಿನ ಅಗಲ 1:1:3:1:1ರ ಪ್ರಮಾಣದಲ್ಲಿರುತ್ತದೆ. ಪತ್ರಿಕೆ, ಪೊಟ್ಟಣ, ಚೀಟಿಗಳನ್ನೆಲ್ಲ ತಿರುವಿ ಹಾಕಿ, ಅಚ್ಚಿನಲ್ಲಿ ಬಲು ಅಪರೂಪದ ಪ್ರಮಾಣ ಇದೇ ಎಂದು ಆರಿಸಿದ್ದು. ಆದ್ದರಿಂದಲೇ ಎಷ್ಟು ಓರೆಯಾಗಿ ಹಿಡಿದರೂ ಕ್ಯಾಮೆರಾ ಅದನ್ನು ತಟ್ಟನೆ ಗುರುತಿಸುತ್ತದೆ. ಕಂಪನಿ ಪೇಟೆಂಟ್ ಹಕ್ಕನ್ನು ಚಲಾಯಿಸದೆ ಎಲ್ಲರಿಗೂ ಬಿಟ್ಟುಕೊಟ್ಟಿತು. ಕಾರ್ಖಾನೆಯ ಎಣ್ಣೆ ಕೊಳೆಗೂ ಹೆದರಬಾರದೆಂದು ಶೇ 30ರವರೆಗೆ ಹಾಳಾದರೂ ಓದಲು ಬರುವಂತೆ ಲೆಕ್ಕವನ್ನು ಹೆಣೆಯುವ ಅನುಕೂಲ ಅದರಲ್ಲಿದೆ. ಹೂವಿಗೆ ಚಿಮುಕಿಸಿದ ನೀರು ಬಿದ್ದು ಮಾಸಿದ ರಟ್ಟು ಗಾಂಧಿ ಬಜಾರಿನಲ್ಲಿ ಇವತ್ತಿಗೂ ಕೆಲಸ ಮಾಡುವುದು ಆ ದೂರಾಲೋಚನೆಯಿಂದ.

ಪಿನ್ನೂ ಚೌಕವೂ ನಮ್ಮ ಬೀದಿಯಲ್ಲಿ ಕೂಡಿದ್ದು 2016ರ ನವೆಂಬರ್ 8ರ ರಾತ್ರಿಯ ನೋಟು ರದ್ದತಿಯ ನಂತರ. ಎಟಿಎಂಗಳ ಮುಂದೆ ಸಾಲು, ಕೈಯಲ್ಲಿ ಎರಡು ಸಾವಿರದ ಗುಲಾಬಿ ನೋಟು, ಅದಕ್ಕೆ ಚಿಲ್ಲರೆ ಕೊಡುವವರಿಲ್ಲ. ಆ ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು. ಆಮೇಲಿನ ಕೊರೊನಾ ಕಾಲ, ನೋಟು ಮುಟ್ಟಲೂ ಹೆದರುತ್ತಿದ್ದವರನ್ನು ಇತ್ತ ತಿರುಗಿಸಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದ ಯುಪಿಐ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ಅದರ ಹಿಂದಿನ ತಿಂಗಳು ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳಿಗೆ ಹೆದರಿ ಬೆಂಗಳೂರಿನ ಎಷ್ಟೋ ಸಣ್ಣ ವ್ಯಾಪಾರಿಗಳು ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬರೆದು ಅಂಟಿಸಿದ್ದೂ ಉಂಟು.

ಬೀಗ ಗಟ್ಟಿಯಾದಾಗ ಕಳ್ಳರು ಬೀಗ ಬಿಟ್ಟು ಮನೆಯವರನ್ನೇ ಹಿಡಿದರು. ಹಳೆಯ ಮಂಚ ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದವರಿಗೆ, ತಾನು ಸೈನ್ಯದಲ್ಲಿದ್ದೇನೆ ಎನ್ನುವವನಿಂದ ಕರೆ ಬರುತ್ತದೆ. ಚೌಕಾಸಿ ಇಲ್ಲದೆ ಒಪ್ಪುತ್ತಾನೆ. "ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತೆ." ಒತ್ತಿದರೆ ದುಡ್ಡು ಹೋಗುತ್ತದೆ. ಪಾವತಿಯ ಚೌಕದಲ್ಲಿರುವುದು ಹಣ ಪಡೆಯುವವರ ವಿಳಾಸ, ಹೆಸರು, ಕೆಲವೊಮ್ಮೆ ಮೊತ್ತ. ಅದು ಹಣವನ್ನು ಹೊತ್ತು ತರುವುದಿಲ್ಲ. ಹಣ ಕೊಡಿ ಎಂದು ಇನ್ನೊಬ್ಬರ ಫೋನಿಗೆ ಕೋರಿಕೆ ಕಳಿಸುವ ಸೌಲಭ್ಯವೂ ಇಂಥವರ ಪಾಲಾಗಿತ್ತು. ವ್ಯಕ್ತಿಗಳ ನಡುವೆ ಅದನ್ನು ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ತಡವಾಯಿತು, ಆದರೂ ಒಳ್ಳೆಯದಾಯಿತು.

ಚೌಕವನ್ನು ಮನುಷ್ಯರು ಕಣ್ಣಿನಿಂದ ಓದಲಾರರು. ಆ ಲೆಕ್ಕದಲ್ಲಿ ಪಂಡಿತರೂ ಅಕ್ಷರ ಕಲಿಯದವರೂ ಒಂದೇ. ಹಾಗಾಗಿ ಅಂಗಡಿಯ ಸ್ಟಿಕರ್ ಮೇಲೆ ಇನ್ನೊಂದು ಸ್ಟಿಕರ್ ಅಂಟಿಸಿ ಹೋದರೆ ಸಂಜೆಯವರೆಗೂ ತಿಳಿಯದು. ಇದಕ್ಕೆ ಮದ್ದು ಕೊಳ್ಳುವವರ ಬಳಿಯೂ ಇದೆ: ಸ್ಕ್ಯಾನ್ ಮಾಡಿದ ಮೇಲೆ ತೆರೆಯ ಮೇಲೆ ಬರುವ ಹೆಸರನ್ನು ಗಟ್ಟಿಯಾಗಿ ಓದಿ, "ಇದೇ ಹೆಸರಾ ಅಮ್ಮಾ?" ಎಂದು ಕೇಳಿ, ಆಮೇಲೆ ಪಿನ್ ಒತ್ತುವುದು. ಹಾಗೆಯೇ, ಹಣ ಹೋಯಿತೆಂದು ಸುಳ್ಳು ಚಿತ್ರ ತೋರಿಸಿ ಹೂವು ಒಯ್ಯುವವರ ಕಾಟ ಹೆಚ್ಚಿದ್ದರಿಂದ ಆ ಕೂಗುವ ಪೆಟ್ಟಿಗೆ ಚಲಾವಣೆಗೆ ಬಂತು. ಅದರೊಳಗೇ ಒಂದು ಸಿಮ್ ಇರುತ್ತದೆ. ಕೊಳ್ಳುವವರ ಫೋನು ಏನು ತೋರಿಸಿದರೂ, ಹಣ ಬಂದ ಸುದ್ದಿ ಕಂಪನಿಯಿಂದ ನೇರ ಬಂದರೆ ಮಾತ್ರ ಅದು ಬಾಯಿ ಬಿಡುತ್ತದೆ. ಪೆಟ್ಟಿಗೆ ಇಲ್ಲದವರು ತಮ್ಮ ಮೊಬೈಲಿನಲ್ಲೇ ನೋಡಿ ಹೂವು ಕೊಡಬೇಕು, ಅದರಲ್ಲಿ ಸಂಕೋಚವೇನೂ ಇಲ್ಲ.

ಕಳ್ಳರು ಮೊದಲ ಬೀಗವಾದ ಫೋನಿಗೂ ಕೈ ಹಾಕುತ್ತಾರೆ. ವಾಟ್ಸ್ಆ್ಯಪಿನಲ್ಲಿ ಲಗ್ನಪತ್ರಿಕೆ ಬರುತ್ತದೆ, ಇಲ್ಲವೇ ಸಂಚಾರ ದಂಡದ ಚೀಟಿ. ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಪತ್ರಿಕೆಯಲ್ಲ, ಒಂದು ಆ್ಯಪ್. ಹಾಕಿಕೊಂಡ ಕೂಡಲೇ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳುತ್ತದೆ. ಓಟಿಪಿ ಬರುವುದೂ ಸಿಮ್ಮಿಗೆ ಗಂಟು ಹಾಕುವುದೂ ಎಸ್ಸೆಮ್ಮೆಸ್ಸಿನಲ್ಲೇ ಅಲ್ಲವೇ? ಅದಕ್ಕೇ ಅವರಿಗೆ ಅದು ಬೇಕು. "ಇಂದು ರಾತ್ರಿ ನಿಮ್ಮ ಮನೆಯ ಕರೆಂಟ್ ಕಟ್" ಎಂದು ಬೆಸ್ಕಾಂ ಹೆಸರಿನಲ್ಲಿ ಬರುವ ಸಂದೇಶದ ಕೊನೆಯಲ್ಲಿ ಒಬ್ಬರ ಖಾಸಗಿ ಮೊಬೈಲ್ ಸಂಖ್ಯೆ ಇರುತ್ತದೆ. ಕರೆ ಮಾಡಿದರೆ ಎನಿಡೆಸ್ಕ್‌ನಂಥ ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ. ಹಾಕಿಕೊಂಡರೆ ನಿಮ್ಮ ಪರದೆ ಅವರಿಗೂ ಕಾಣುತ್ತದೆ. ಇದರ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ಫೋನು ಕಳೆದುಹೋದರೆ ಮೊದಲು ಸಿಮ್ ನಿಲ್ಲಿಸಿ, ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ ಎನ್ನುವುದೂ ಓಟಿಪಿಯ ಎಸ್ಸೆಮ್ಮೆಸ್ಸುಗಳು ಸಿಮ್ಮಿಗೇ ಬರುವ ಕಾರಣಕ್ಕೆ.

ಎಲ್ಲಕ್ಕಿಂತ ಕ್ರೂರವಾದದ್ದು 'ಡಿಜಿಟಲ್ ಅರೆಸ್ಟ್'. ವಿಡಿಯೊ ಕರೆಯಲ್ಲಿ ಸಮವಸ್ತ್ರ ತೊಟ್ಟವನು ಕಾಣಿಸಿಕೊಂಡು, ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಕೋಣೆ ಬಿಟ್ಟು ಕದಲಬೇಡಿ, ಮಕ್ಕಳಿಗೂ ಹೇಳಬೇಡಿ ಎನ್ನುತ್ತಾನೆ. ಜೀವಮಾನವಿಡೀ ಕಾನೂನಿಗೆ ತಲೆಬಾಗಿ ಬಾಳಿದವರೇ ಇದಕ್ಕೆ ಹೆಚ್ಚು ಬಲಿಯಾಗುವುದು ನನ್ನನ್ನು ಬಹಳ ನೋಯಿಸುತ್ತದೆ. ವಿಡಿಯೊ ಕರೆಯಲ್ಲಿ ಬಂಧಿಸುವ ಅಧಿಕಾರವನ್ನು ಈ ದೇಶದ ಯಾವ ಕಾನೂನೂ ಯಾರಿಗೂ ಕೊಟ್ಟಿಲ್ಲ. 2024ರ ಅಕ್ಟೋಬರಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಈ ಮೋಸದ ಕರೆಯೊಂದರ ಧ್ವನಿಮುದ್ರಣ ಕೇಳಿಸಿದ್ದರು. ಕರೆಯ ಆಚೆ ಬದಿಯಲ್ಲಿರುವವನಿಗೆ ನೆರವಾಗುವುದು ಒಂದೇ, ನಿಮ್ಮ ಒಂಟಿತನ. ಕರೆ ಕತ್ತರಿಸಿ, ಪಕ್ಕದ ಮನೆಯ ಬಾಗಿಲು ತಟ್ಟಿ.

ಹಣ ಹೋದರೂ ದಾರಿ ಮುಚ್ಚಿಲ್ಲ. ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಈಗ ಠಾಣೆಗೆ ಓಡುವ ಮೊದಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಿಮಿಷಗಳಲ್ಲಿ ಜಿಗಿಯುತ್ತದೆ. ದೂರು ಬೇಗ ಸಿಕ್ಕಿದರೆ ಅದು ನಿಂತಿರುವ ಖಾತೆಯಲ್ಲೇ ಬ್ಯಾಂಕು ತಡೆಹಿಡಿಯಬಹುದು. ಮೊದಲ ಒಂದು ಗಂಟೆಯನ್ನು ಪೊಲೀಸರು 'ಗೋಲ್ಡನ್ ಅವರ್' ಎನ್ನುವುದು ಅದಕ್ಕೇ. ಕರೆ ಮಾಡುವಾಗ ವಹಿವಾಟಿನ ಸಂಖ್ಯೆ, ಹೊತ್ತು, ಮೊತ್ತ ಕೈಯಲ್ಲಿರಲಿ. ಜೊತೆಗೆ ನಿಮ್ಮ ಬ್ಯಾಂಕಿಗೂ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ನೀವೇ ಪಿನ್ ಹೇಳಿಬಿಟ್ಟಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟವನ್ನು ಬ್ಯಾಂಕೇ ಭರಿಸಬೇಕು. ನಾಚಿಕೆಯಿಂದ ಮಗನಿಗೂ ಸೊಸೆಗೂ ಹೇಳದೆ ದಿನಗಟ್ಟಲೆ ಕೂರುವವರು ಕಳೆದುಕೊಳ್ಳುವುದು ಈ ಹಕ್ಕನ್ನು. ಹೀಗೆ ಹಣ ಕಳೆದುಕೊಂಡವರಲ್ಲಿ ನಿವೃತ್ತ ಅಧಿಕಾರಿಗಳಿದ್ದಾರೆ, ಸಾಫ್ಟ್‌ವೇರ್ ಎಂಜಿನಿಯರುಗಳೂ ಇದ್ದಾರೆ. ಮನೆಯಲ್ಲಿ ಯಾರಾದರೂ ಬಂದು "ದುಡ್ಡು ಹೋಯ್ತು" ಎಂದರೆ ಬೈಯುವುದನ್ನು ಬಿಟ್ಟು ಮೊದಲು 1930ಕ್ಕೆ ಕರೆ ಹಚ್ಚಿ ಫೋನನ್ನು ಅವರ ಕೈಗೆ ಕೊಡಿ.