ಹತ್ತು ಗಂಟೆಯ ಹೂವು

ಪಾತಿಯಂಚಿನಲ್ಲಿ ನೆಲಕ್ಕೊರಗಿ ಹರಡುವ ಟೇಬಲ್ ರೋಸ್, ಹೆಸರು ಏನೇ ಇರಲಿ, ನಾವು ಸಾರಿಗೆ ಹಾಕುವ ಗೋಣಿಸೊಪ್ಪಿನ ದಾಯಾದಿಯೆಂಬುದನ್ನು ಮೊದಲೇ ಹೇಳಿಬಿಡುವೆವು. ಇದರ ತವರು ದಕ್ಷಿಣ ಅಮೆರಿಕ. ಬಿಸಿಲೇರಿದ ಮೇಲೆ ಅರಳುವುದರಿಂದ ಇದಕ್ಕೆ ಹತ್ತು ಗಂಟೆಯ ಹೂವೆಂಬ ಹೆಸರೂ ಉಂಟು. ಮೋಡ ಕವಿದ ದಿನ ಮೊಗ್ಗು ಸರಿಯಾಗಿ ಬಿರಿಯದು.

ನಮ್ಮ ಕೈತೋಟಗಳಲ್ಲಿ ಈ ಗಿಡ ಹಾಳಾಗುವುದು ಹೆಚ್ಚಾಗಿ ಅತಿಯಾದ ನೀರಿನಿಂದಲೇ. ಮಣ್ಣು ಸದಾ ತೇವವಾಗಿದ್ದರೆ ಬೇರು ಕೊಳೆಯುತ್ತದೆ. ರಸಭರಿತವಾದ ಎಲೆ, ಕಾಂಡಗಳೇ ಇದರ ನೀರಿನ ಉಗ್ರಾಣ. ನೀರು ತೀರ ಸಾಲದಾದಾಗ ಇನ್ನೊಂದು ವಿಚಿತ್ರ ವ್ಯವಸ್ಥೆ ಜಾಗೃತವಾಗುತ್ತದೆ: ಇರುಳಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಟ್ಟುಕೊಂಡು, ಹಗಲಿನಲ್ಲಿ ಅದನ್ನೇ ಬಿಡಿಸಿ ಆಹಾರ ತಯಾರಿಸಿಕೊಳ್ಳುತ್ತದೆ. ಹಗಲು ಪತ್ರರಂಧ್ರಗಳನ್ನು ತೆರೆದು ನೀರು ಕಳೆದುಕೊಳ್ಳುವ ಕಷ್ಟ ಅಷ್ಟರಮಟ್ಟಿಗೆ ತಪ್ಪುತ್ತದೆ.

ಆದುದರಿಂದ ಮರಳು ಬೆರೆಸಿದ ಮಣ್ಣನ್ನೂ ಪೂರ್ಣ ಬಿಸಿಲನ್ನೂ ಒದಗಿಸಿ, ಮೇಲ್ಮಣ್ಣು ಒಣಗಿದ ಬಳಿಕವೇ ನೀರೆರೆಯಬೇಕು. ಬೆರಳುದ್ದದ ಕಾಂಡವನ್ನು ಊರಿದರೂ ಬೇರು ಬಿಡುತ್ತದೆ.