ಗಂಗಾವತಿಗೆ ಎಷ್ಟು ಸ್ಪೆಲ್ಲಿಂಗ್?

ಗಂಗಾವತಿ ಬಸ್ ನಿಲ್ದಾಣದಲ್ಲಿ ಇಳಿದು ರೈಸ್ ಮಿಲ್ಲಿನ ಹೆಸರು ಹೇಳಿದರೆ ಸಾಕು, ಆಟೋದವರು ಪೂರ್ತಿ ಕೇಳುವ ಮೊದಲೇ ಗಾಡಿ ತಿರುಗಿಸುತ್ತಾರೆ. ಮಿಲ್ಲಿನ ಬೋರ್ಡಿನಲ್ಲಿ ಎರಡು ಅಕ್ಷರ ಅಳಿಸಿದ್ದರೂ ಅವರಿಗೆ ಅಡ್ಡಿಯಿಲ್ಲ. ಗೂಗಲ್ ಹಾಗಲ್ಲ. ಅದು ಗಂಗಾವತಿಯನ್ನು ಕಂಡಿಲ್ಲ, ನಿಮ್ಮ ಅಕ್ಕಿಯ ಅನ್ನ ಉಂಡಿಲ್ಲ. ನಿಮ್ಮ ವೆಬ್‌ಸೈಟಿನಲ್ಲಿ ಏನು ಬರೆದಿದೆ, ನಿಮ್ಮ ಬಗ್ಗೆ ಬೇರೆಯವರು ಏನು ಬರೆದಿದ್ದಾರೆ ಎಂಬುದನ್ನು ಓದಿ ತಿಳಿದದ್ದೇ ಅದರ ತಿಳಿವಳಿಕೆ. ಅದಕ್ಕೆ ಓದಲು ಬರುವಂತೆ, ಗಿರಾಕಿ ಕೇಳುವ ಮಾತಿನಲ್ಲೇ ಬರೆಯುವುದಕ್ಕೆ ಎಸ್‌ಇಒ (ಸರ್ಚ್ ಎಂಜಿನ್ ಆಪ್ಟಿಮೈಸೇಶನ್) ಎಂಬ ದೊಡ್ಡ ಹೆಸರಿದೆ. ಮುಕ್ಕಾಲು ಪಾಲು ಕೆಲಸವನ್ನು ವೆಬ್‌ಸೈಟಿನ ಮಾಲೀಕರೇ ಮಾಡಿಕೊಳ್ಳಬಹುದು.

ಗೂಗಲ್ ಮಾಡುವ ಮೂರು ಕೆಲಸ

ಮೊದಲನೆಯದು ಓಡಾಟ. ಗೂಗಲ್‌ನ ‘ಬಾಟ್’ ಎಂಬ ತಂತ್ರಾಂಶ ಒಂದು ಪುಟದ ಲಿಂಕ್ ಹಿಡಿದು ಮತ್ತೊಂದು ಪುಟಕ್ಕೆ ಹೋಗುತ್ತದೆ. ಯಾವ ಪುಟದಿಂದಲೂ ಲಿಂಕ್ ಇಲ್ಲದ ಪುಟ, ರಸ್ತೆಯೇ ಇಲ್ಲದ ತೋಟದ ಮನೆಯಂತೆ. ಎರಡನೆಯದು ದಾಖಲಾತಿ. ಓದಿದ್ದನ್ನು ತನ್ನ ಇಂಡೆಕ್ಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮೂರನೆಯದು ಆಯ್ಕೆ. ಯಾರೋ ಏನೋ ಕೇಳಿದಾಗ ಆ ದಾಖಲೆಯಿಂದ ತಕ್ಕ ಪುಟಗಳನ್ನು ಹೆಕ್ಕಿ ಸಾಲಾಗಿ ಇಡುತ್ತದೆ.

‘ನಮ್ಮ ಸೈಟ್ ಬರ್ತಿಲ್ಲ’ ಎನ್ನುವವರು ಮೊದಲು ನೋಡಬೇಕಾದದ್ದು ತೊಂದರೆ ಈ ಮೂರರಲ್ಲಿ ಎಲ್ಲಿದೆ ಎಂಬುದನ್ನು. ಗೂಗಲ್‌ನಲ್ಲಿ ‘ಸೈಟ್’ ಎಂಬ ಇಂಗ್ಲಿಷ್ ಪದ, ಅದರ ಬೆನ್ನಿಗೇ ಕೋಲನ್, ಜಾಗ ಬಿಡದೆ ನಿಮ್ಮ ವೆಬ್ ವಿಳಾಸ ಟೈಪ್ ಮಾಡಿ. ನಿಮ್ಮ ಪುಟಗಳು ಕಂಡರೆ ದಾಖಲಾತಿ ಆಗಿದೆ, ಇನ್ನು ಆಯ್ಕೆಯ ಬಗ್ಗೆ ಯೋಚಿಸಿ. ಏನೂ ಕಾಣದಿದ್ದರೆ ಬಾಗಿಲಿಗೆ ಬೀಗ ಬಿದ್ದಿರಬಹುದು. ಸೈಟ್ ಕಟ್ಟುವಾಗ ಅರೆಬರೆ ಪುಟಗಳು ಹೊರಗೆ ಕಾಣದಿರಲೆಂದು ‘ನೋಇಂಡೆಕ್ಸ್’ ಗುರುತು ಹಾಕಿ, ಆಮೇಲೆ ತೆಗೆಯಲು ಮರೆಯುವವರು ಬಹಳ ಜನ. ಅದೊಂದು ಗುರುತು ಇರುವತನಕ ಬೇರೆ ಯಾವ ಕಸರತ್ತೂ ಫಲ ಕೊಡುವುದಿಲ್ಲ.

ಊರಿನ ಹೆಸರೇ ಮೊದಲ ತೊಡಕು

ಗಂಗಾವತಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ‘ತಿ’ಗೆ ಟಿ–ಐ ಹಾಕುವವರಿದ್ದಾರೆ, ಟಿ–ಎಚ್–ಐ ಹಾಕುವವರಿದ್ದಾರೆ. ನಡುವಿನ ‘ವ’ಕ್ಕೆ ಡಬ್ಲ್ಯೂ ಬರೆಯುವವರೂ ಇದ್ದಾರೆ. ಕುಷ್ಟಗಿಯ ‘ಷ್’ನಲ್ಲಿ ಎಚ್ ಇರುವುದೂ ಉಂಟು, ಬಿಡುವುದೂ ಉಂಟು. ಯಲಬುರ್ಗಾ ಕನ್ನಡದಲ್ಲೇ ಒಮ್ಮೆ ಯಲಬುರಗಾ ಆಗುತ್ತದೆ. ಆನೆಗುಂದಿ–ಆನೆಗೊಂದಿ, ಕಿನ್ನಾಳ–ಕಿನ್ಹಾಳ ಎರಡೂ ರೂಢಿಯಲ್ಲಿವೆ.

ಇವುಗಳಲ್ಲಿ ಹೆಚ್ಚಿನವು ಒಂದೇ ಊರು ಎಂದು ಗೂಗಲ್ ಹೊಂದಿಸಿಕೊಳ್ಳುತ್ತದೆ. ಆದರೆ ಸಣ್ಣ ಊರುಗಳಲ್ಲಿ ಅದನ್ನೇ ಪೂರ್ತಿ ನೆಚ್ಚುವಂತಿಲ್ಲ. ಒಂದು ಸ್ಪೆಲ್ಲಿಂಗ್ ಆರಿಸಿಕೊಳ್ಳಿ. ವೆಬ್‌ಸೈಟ್, ಗೂಗಲ್ ಮ್ಯಾಪ್, ಫೇಸ್‌ಬುಕ್, ಬಿಲ್ ಪುಸ್ತಕ ಎಲ್ಲದರಲ್ಲೂ ಅದೇ ಇರಲಿ. ಇನ್ನೊಂದು ರೂಪವನ್ನು ‘ಹೇಗೆ ಬರಬೇಕು’ ಎನ್ನುವಂಥ ಪುಟದಲ್ಲಿ ಸಹಜವಾಗಿ ಒಮ್ಮೆ ತಂದರೆ ಸಾಕು. ಪುಟದ ಬುಡದಲ್ಲಿ ಜಿಲ್ಲೆಯ ಎಲ್ಲ ಹಳ್ಳಿಗಳ ಹೆಸರನ್ನು ಜಾತ್ರೆಯ ಜಾಹೀರಾತಿನ ಹಾಗೆ ತುಂಬುವುದು ಗೂಗಲ್‌ನ ನಿಯಮದಲ್ಲಿ ಸ್ಪ್ಯಾಮ್. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಊರ ಹೆಸರಷ್ಟೇ ಬದಲಿಸಿ ಒಂದೇ ಪುಟವನ್ನು ನಾಲ್ಕು ಸಲ ಅಚ್ಚೊತ್ತಿದರೂ ಅಷ್ಟೇ. ನಿಜವಾಗಿ ನಾಲ್ಕು ಅಂಗಡಿಗಳಿದ್ದರೆ ನಾಲ್ಕು ಪುಟ ಮಾಡಿ. ಪ್ರತಿಯೊಂದರಲ್ಲೂ ಆ ಅಂಗಡಿಯದೇ ವಿಳಾಸ, ಫೋನ್, ಫೋಟೋ, ವೇಳೆ ಇರಲಿ.

ವಿಳಾಸವನ್ನೂ ಒಮ್ಮೆ ಓದಿ ನೋಡಿ. ಕುಕನೂರು ಯಲಬುರ್ಗಾದಿಂದ ಬೇರೆಯಾಗಿ ತಾಲ್ಲೂಕಾಗಿದೆ. ಕನಕಗಿರಿ, ಕಾರಟಗಿ ಗಂಗಾವತಿಯಿಂದ ಬೇರೆಯಾಗಿವೆ. ನದಿಯಾಚೆಯ ಹಂಪಿ 2021ರಿಂದ ಬಳ್ಳಾರಿ ಜಿಲ್ಲೆಯಲ್ಲಿಲ್ಲ, ವಿಜಯನಗರ ಜಿಲ್ಲೆಯಲ್ಲಿದೆ. ಸೈಟಿನಲ್ಲಿ ಹಳೆಯ ತಾಲ್ಲೂಕು, ಮ್ಯಾಪಿನಲ್ಲಿ ಹೊಸದು ಇದ್ದರೆ ಯಂತ್ರಕ್ಕೂ ಗೊಂದಲ, ಪಾರ್ಸಲ್ ತರುವವನಿಗೂ ಗೊಂದಲ.

ಕನ್ನಡ ಕಾಣುತ್ತದೆ, ಆದರೆ ಕನ್ನಡವೇ?

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಪಾಂಪ್ಲೆಟ್ ಅಚ್ಚು ಮಾಡಲು ಅದು ಸಾಕಿತ್ತು. ವೆಬ್‌ಸೈಟಿಗೆ ಸಾಲದು. ಗೂಗಲ್ ಓದುವುದು ಒಳಗಿನ ಸಂಕೇತವನ್ನು. ಅದಕ್ಕೆ ‘ಕೊಪ್ಪಳ’ ಎಂಬುದು ಅರ್ಥವಿಲ್ಲದ ಗುರುತುಗಳ ಗೊಂಚಲಾಗಿ ಕಾಣುತ್ತದೆ. ಡಿಟಿಪಿಯಿಂದ ತಂದ ಹಳೆಯ ಪಿಡಿಎಫ್‌ಗಳದೂ ಇದೇ ಪಾಡು.

ಪರೀಕ್ಷೆ ಸುಲಭ. ನಿಮ್ಮ ಪುಟದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪಿನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್, ಚಿಂತೆಯಿಲ್ಲ. ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳಾದರೆ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕದಿಂದ ಬಂದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ಓದಿ ತಿದ್ದಿ. ಕಾಪಿ ಮಾಡಲಿಕ್ಕೇ ಬರದಿದ್ದರೆ ಅದು ಅಕ್ಷರವಲ್ಲ, ಚಿತ್ರ. ದರಪಟ್ಟಿಯನ್ನೂ ವಿಸಿಟಿಂಗ್ ಕಾರ್ಡನ್ನೂ ಫೋಟೋ ಹಾಕಿ ಕೈತೊಳೆದುಕೊಳ್ಳದೆ, ಅದೇ ವಿವರವನ್ನು ಕೆಳಗೆ ಅಕ್ಷರದಲ್ಲೂ ಟೈಪ್ ಮಾಡಿ.

ಪುಟದ ವಿಳಾಸ, ಅಂದರೆ ಯುಆರ್‌ಎಲ್ ಕನ್ನಡದಲ್ಲಿರಬಹುದೇ? ಇರಬಹುದು, ಗೂಗಲ್‌ಗೆ ಅಭ್ಯಂತರವಿಲ್ಲ. ಆದರೆ ಕಾಪಿ ಮಾಡಿ ಕಳಿಸಿದಾಗ ‘ಕೊಪ್ಪಳ’ ಎಂಬ ಒಂದು ಪದ ಶೇಕಡಾ ಚಿಹ್ನೆ, ಅಂಕಿ, ಅಕ್ಷರ ಸೇರಿ 54 ಚಿಹ್ನೆಗಳ ಬಾಲವಾಗಬಹುದು. ಹಂಚುವ ಅನುಕೂಲಕ್ಕೆ ವಿಳಾಸವನ್ನು ಚಿಕ್ಕ ಇಂಗ್ಲಿಷ್ ಪದಗಳಲ್ಲಿಟ್ಟು, ತಲೆಬರಹ ಮತ್ತು ಒಳಗಿನ ಮಾತನ್ನು ಕನ್ನಡದಲ್ಲಿಡುವುದು ಒಳ್ಳೆಯದು. ಕನ್ನಡ, ಇಂಗ್ಲಿಷ್ ಎರಡೂ ಬೇಕಿದ್ದರೆ ಒಂದೇ ಪುಟದಲ್ಲಿ ಕಲಸದೆ ಎರಡು ಪುಟ ಮಾಡಿ, ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಡಿ.

ತಲೆಬರಹವೇ ಬೋರ್ಡು

ಗೂಗಲ್ ಫಲಿತಾಂಶದಲ್ಲಿ ನೀಲಿ ಅಕ್ಷರದಲ್ಲಿ ಕಾಣುವ ಸಾಲು ಬಹುಮಟ್ಟಿಗೆ ನಿಮ್ಮ ಪುಟದ ‘ಟೈಟಲ್ ಟ್ಯಾಗ್’ನಿಂದ ಬರುತ್ತದೆ. ಎಷ್ಟೋ ಸೈಟ್‌ಗಳಲ್ಲಿ ಅಲ್ಲಿ ಬರೀ ‘ಹೋಮ್’ ಎಂದಿರುತ್ತದೆ. ಅಂಗಡಿಯ ಬೋರ್ಡಿನ ಮೇಲೆ ‘ಅಂಗಡಿ’ ಎಂದು ಬರೆಸಿದ ಹಾಗೆ. ‘ಸೋನಾ ಮಸೂರಿ ಅಕ್ಕಿ ಸಗಟು ಮಾರಾಟ, ಗಂಗಾವತಿ’ ಎಂದು ಬರೆದು ಕೊನೆಗೆ ನಿಮ್ಮ ಹೆಸರು ಹಾಕಿ. ಕನ್ನಡದಲ್ಲಿ ಊರ ಹೆಸರು ‘ಗಂಗಾವತಿಯಲ್ಲಿ’, ‘ಗಂಗಾವತಿಯಿಂದ’ ಎಂದು ವಿಭಕ್ತಿ ಹೊತ್ತು ಬದಲಾಗುತ್ತದೆ. ಹುಡುಕುವವರು ಟೈಪ್ ಮಾಡುವುದು ಹೆಚ್ಚಾಗಿ ಮೂಲ ಪದವನ್ನೇ. ತಲೆಬರಹದಲ್ಲಾದರೂ ಹೆಸರು ಪ್ರತ್ಯಯವಿಲ್ಲದೆ ನಿಲ್ಲಲಿ.

ಪುಟದ ಕೋಡಿನೊಳಗೆ ‘ಮೆಟಾ ಕೀವರ್ಡ್’ ಎಂಬ ಪದಪಟ್ಟಿ ತುಂಬಿಸಿಕೊಡುತ್ತೇವೆಂದು ಈಗಲೂ ಹಣ ಕೇಳುವವರಿದ್ದಾರೆ. ಸ್ಥಾನ ನಿರ್ಧರಿಸಲು ಅದನ್ನು ತಾನು ನೋಡುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಗಿರಾಕಿಯ ಪ್ರಶ್ನೆಗೊಂದು ಪುಟ

ಏನು ಬರೆಯಬೇಕೆಂದು ತಲೆ ಕೆರೆದುಕೊಳ್ಳಬೇಕಿಲ್ಲ. ಒಂದು ವಾರ ಫೋನಿನಲ್ಲಿ ಗಿರಾಕಿಗಳು ಕೇಳಿದ್ದನ್ನು ಗುರುತು ಹಾಕಿಕೊಳ್ಳಿ. ಅಕ್ಕಿ ಮಿಲ್ಲಿನವರನ್ನು ಕೇಳುವುದು: ಹಳೆ ಅಕ್ಕಿಯೋ ಹೊಸದೋ, 25 ಕೆಜಿ ಬ್ಯಾಗ್ ಕೊಡುತ್ತೀರಾ, ಕನಿಷ್ಠ ಎಷ್ಟು ಕ್ವಿಂಟಲ್ ತೆಗೆದುಕೊಳ್ಳಬೇಕು, ಲಾರಿ ಬಾಡಿಗೆ ಯಾರದು? ಕಿನ್ನಾಳ ಗೊಂಬೆ ಮಾಡುವವರನ್ನು ಕೇಳುವುದು: ಯಾವ ಮರ, ಯಾವ ಬಣ್ಣ, ಹೇಳಿ ಮಾಡಿಸಿದರೆ ಎಷ್ಟು ದಿನ, ದೂರದ ಊರಿಗೆ ಒಡೆಯದಂತೆ ಕಳಿಸುತ್ತೀರಾ? ಕುಷ್ಟಗಿ ಸೀಮೆಯ ದಾಳಿಂಬೆ ಬೆಳೆಗಾರರಿಗೆ ಬರುವ ಪ್ರಶ್ನೆ: ಹಣ್ಣು ಯಾವ ತಿಂಗಳು ಸಿಗುತ್ತದೆ? ‘ನಾವು ಗುಣಮಟ್ಟಕ್ಕೆ ಹೆಸರುವಾಸಿ’ ಎಂಬ ಮಾತನ್ನು ಯಾರೂ ಗೂಗಲ್‌ನಲ್ಲಿ ಹುಡುಕುವುದಿಲ್ಲ. ಈ ಪ್ರಶ್ನೆಗಳನ್ನು ಹುಡುಕುತ್ತಾರೆ.

ಸಾಣಾಪುರ, ಆನೆಗುಂದಿ ಕಡೆ ಹೋಂಸ್ಟೇ ನಡೆಸುವವರದು ಇನ್ನೊಂದು ಕಥೆ. ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ಆದೇಶದ ಬಳಿಕ 2020ರಲ್ಲಿ ತೆರವುಗೊಳಿಸಲಾಯಿತು. ಆದರೆ ಆ ಗಡ್ಡೆಯ ‘ಹಿಪ್ಪಿ ಐಲ್ಯಾಂಡ್’ ಎಂಬ ಹೆಸರು ಪ್ರವಾಸಿಗರ ಬಾಯಿಂದ ಹೋಗಿಲ್ಲ. ತಾವು ಅಲ್ಲೇ ಇದ್ದೇವೆಂದು ಸುಳ್ಳು ಬರೆದರೆ ಬಂದವರು ಬೈದು ಹೋಗುತ್ತಾರೆ. ‘ಗಡ್ಡೆಯಲ್ಲಿ ಈಗ ಏನಿದೆ, ನಾವು ಅಲ್ಲಿಂದ ಎಷ್ಟು ದೂರ, ಹೊಸಪೇಟೆ ಸ್ಟೇಷನ್ನಿಂದ ಹೇಗೆ ಬರಬೇಕು, ಹಂಪಿಗೆ ಕಡೆಬಾಗಿಲು ಸೇತುವೆ ದಾಟಿ ಹೇಗೆ ಹೋಗಬೇಕು’ ಎಂದು ಒಂದು ಪುಟ ಬರೆದರೆ ಹುಡುಕುವವನಿಗೆ ಉತ್ತರವೂ ಸಿಕ್ಕಿತು, ನಿಮಗೆ ಗಿರಾಕಿಯೂ ಸಿಕ್ಕ. ಕೊಪ್ಪಳದ ಗವಿಮಠದ ಜಾತ್ರೆಗೆ, ಅಂಜನಾದ್ರಿಯ ಹನುಮಮಾಲೆಗೆ ಬರುವವರಿಗಾಗಿ ಬರೆಯುವುದಾದರೆ ಎರಡು–ಮೂರು ತಿಂಗಳು ಮೊದಲೇ ಬರೆಯಿರಿ. ತೇರು ಎಳೆಯುವ ದಿನ ಹಾಕಿದ ಪುಟವನ್ನು ಗೂಗಲ್ ಓದುವ ಹೊತ್ತಿಗೆ ಜನ ಊರು ಸೇರಿರುತ್ತಾರೆ. ಮುಂದಿನ ವರ್ಷ ಹೊಸ ವಿಳಾಸ ಬೇಡ, ಅದೇ ಪುಟವನ್ನು ತಿದ್ದಿ. 2025ರಲ್ಲಿ ಕುಷ್ಟಗಿಗೆ ರೈಲು ಬಂತು; ಅಲ್ಲಿನ ಲಾಡ್ಜ್, ಶಾಲೆ, ಆಸ್ಪತ್ರೆಗಳ ದಾರಿ ಹೇಳುವ ಪುಟದಲ್ಲಿ ಅದು ಬಂದಿದೆಯೇ ನೋಡಿಕೊಳ್ಳಿ.

ಮ್ಯಾಪಿನಲ್ಲಿ ಜಾಗ

‘ಹತ್ತಿರದ ಟೈರ್ ಅಂಗಡಿ’ ಎಂದು ಹುಡುಕಿದವರಿಗೆ ವೆಬ್‌ಸೈಟಿಗಿಂತ ಮೊದಲು ಕಾಣುವುದು ಮ್ಯಾಪು. ಅದಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಬೇಕು, ಅದು ಉಚಿತ. ಅಲ್ಲಿ ಗೂಗಲ್ ನೋಡುವುದು ಮೂರು ಸಂಗತಿ: ಕೇಳಿದ್ದಕ್ಕೂ ನಿಮ್ಮ ಕಸುಬಿಗೂ ಇರುವ ಹೊಂದಿಕೆ, ಕೇಳಿದವರಿಂದ ಇರುವ ದೂರ, ನಿಮ್ಮ ಹೆಸರುವಾಸಿ. ದೂರ ನಿಮ್ಮ ಕೈಯಲ್ಲಿಲ್ಲ. ಕಸುಬಿನ ವಿಭಾಗ ಸರಿಯಾಗಿ ಆರಿಸುವುದು, ಪಿನ್ನನ್ನು ಹಿಂದಿನ ಓಣಿಗಲ್ಲ ಅಂಗಡಿಯ ಬಾಗಿಲಿಗೇ ಇಡುವುದು, ಅಮಾವಾಸ್ಯೆಗೆ ಬಾಗಿಲು ಹಾಕುವುದಿದ್ದರೆ ಅದನ್ನೂ ತಿಳಿಸುವುದು ನಿಮ್ಮ ಕೈಯಲ್ಲಿದೆ. ವಿಮರ್ಶೆಗಳನ್ನು ಗಿರಾಕಿಗಳಿಂದ ಕೇಳಿ ಬರೆಸಿ, ದುಡ್ಡು ಕೊಟ್ಟು ಬರೆಸಬೇಡಿ. ಬೈದು ಬರೆದವರಿಗೂ ಸಮಾಧಾನದ ಉತ್ತರ ಕೊಡಿ.

ಈ ಪ್ರೊಫೈಲಿನ ಜೊತೆ ಗೂಗಲ್ ಉಚಿತ ವೆಬ್‌ಸೈಟನ್ನೂ ಕೊಡುತ್ತಿತ್ತು. ಅವೆಲ್ಲವನ್ನೂ ಮಾರ್ಚ್ 2024ರಲ್ಲಿ ಮುಚ್ಚಿತು. ನಿಮ್ಮ ಬೋರ್ಡು, ಬಿಲ್ಲಿನ ಮೇಲೆ ಆ ಹಳೆಯ ವಿಳಾಸ ಉಳಿದಿದ್ದರೆ ಅದು ಈಗ ಎಲ್ಲಿಗೂ ಹೋಗುವುದಿಲ್ಲ. ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಹಾಕಿದರೆ ಅವರು ಎಬ್ಬಿಸಿದ ದಿನ ಏಳಬೇಕು. ಸ್ವಂತ ಡೊಮೇನ್, ಅಂದರೆ ನಿಮ್ಮದೇ ವೆಬ್ ವಿಳಾಸ ಬೇಕೆನ್ನುವುದು ಇದಕ್ಕೇ.

ವೇಗ, ಸಾಕ್ಷಿ, ಲೆಕ್ಕ

ಗೂಗಲ್ ಈಗ ಓದುವುದು ನಿಮ್ಮ ಸೈಟಿನ ಮೊಬೈಲ್ ರೂಪವನ್ನು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ತೆರೆದರೆ ಒಳ್ಳೆಯದೆಂಬುದು ಅದರ ಅಳತೆ. ನಿಧಾನಕ್ಕೆ ಬಹುಪಾಲು ಕಾರಣ ಫೋನಿನಲ್ಲಿ ತೆಗೆದು ಹಾಗೇ ಏರಿಸಿದ 4–5 ಎಂಬಿ ಫೋಟೋಗಳು. 200 ಕೆಬಿ ಆಸುಪಾಸಿಗೆ ಇಳಿಸಿದರೂ ಫೋನಿನ ಪರದೆಯಲ್ಲಿ ವ್ಯತ್ಯಾಸ ಕಾಣದು. ಪ್ರತಿ ಫೋಟೋಗೂ ‘ಆಲ್ಟ್ ಟೆಕ್ಸ್ಟ್’ನಲ್ಲಿ ಅದೇನೆಂದು ಒಂದು ಸಾಲು ಬರೆಯಿರಿ, ಕಣ್ಣು ಕಾಣದವರ ಫೋನ್ ಅದನ್ನೇ ಓದಿ ಹೇಳುತ್ತದೆ, ಗೂಗಲ್ ಕೂಡ ಅದನ್ನು ಓದುತ್ತದೆ.

ಬೇರೆ ಸೈಟಿನಿಂದ ಬರುವ ಲಿಂಕ್ ನಿಮ್ಮ ಪರವಾದ ಸಾಕ್ಷಿಯಿದ್ದಂತೆ. ನೀವು ಮಾಲು ಕೊಡುವ ಅಂಗಡಿ, ನಿಮ್ಮ ಸಂಘ, ನೀವು ಓದಿದ ಕಾಲೇಜು, ನಿಮ್ಮ ಬಗ್ಗೆ ಬರೆದ ಪತ್ರಿಕೆ ಕೊಟ್ಟ ಒಂದು ಲಿಂಕ್, ಕೊಂಡು ತಂದ ಸಾವಿರಕ್ಕಿಂತ ಲೇಸು. ಕೊಂಡ ಸಾಕ್ಷಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಲೆಕ್ಕಕ್ಕೆ ಗೂಗಲ್ ಸರ್ಚ್ ಕನ್ಸೋಲ್ ಇದೆ, ಅದೂ ಉಚಿತ. ಜನ ಯಾವ ಪದ ಹೊಡೆದಾಗ ನಿಮ್ಮ ಪುಟ ಕಂಡಿತು, ಎಷ್ಟು ಮಂದಿ ಒತ್ತಿದರು ಎಂಬುದನ್ನು 16 ತಿಂಗಳ ಹಿಂದಿನವರೆಗೂ ತೋರಿಸುತ್ತದೆ. ಬಹಳ ಸಲ ಕಂಡೂ ಯಾರೂ ಒತ್ತದ ಪುಟವಿದ್ದರೆ ಅದರ ತಲೆಬರಹ ತಿದ್ದಿ. ಗಿರಾಕಿಗಳು ಬಳಸುವ ಪದ ನಿಮ್ಮ ಪುಟದಲ್ಲಿ ಇಲ್ಲದಿದ್ದರೆ ಸೇರಿಸಿ. ನಿಮ್ಮೂರನ್ನು ಅವರು ಯಾವ ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾರೆ ಎಂಬುದೂ ಇಲ್ಲೇ ತಿಳಿಯುತ್ತದೆ.

ಹಣ ಕೊಡುವ ಮುನ್ನ

‘ಒಂದೇ ತಿಂಗಳಲ್ಲಿ ಮೊದಲ ಸ್ಥಾನ, ಗ್ಯಾರಂಟಿ’ ಎಂದು ಫೋನ್ ಬಂದರೆ ಅಲ್ಲೇ ಇಟ್ಟುಬಿಡಿ. ಆ ಗ್ಯಾರಂಟಿ ಯಾರೂ ಕೊಡಲಾರರೆಂದು ಗೂಗಲ್ಲೇ ಹೇಳುತ್ತದೆ. ಜಾಹೀರಾತಿಗೆ ಹಣ ಕಟ್ಟಿದರೆ ‘ಸ್ಪಾನ್ಸರ್ಡ್’ ಎಂಬ ಗುರುತಿನಡಿ ಕಾಣಬಹುದು, ಉಳಿದ ಸಾಲಿನಲ್ಲಿ ನಿಮ್ಮ ಸ್ಥಾನ ಅದರಿಂದ ಮೇಲೇರುವುದಿಲ್ಲ. ಸೈಟ್ ಮಾಡಿಸುವಾಗ ಡೊಮೇನ್, ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್ ಮೂರೂ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇರಲಿ. ಹೊಲದ ಪಹಣಿ ಕೂಲಿಯವನ ಹೆಸರಿಗೆ ಬರೆಸುವುದುಂಟೇ?

ಇಂದೇ ಒಂದು ಕೆಲಸ ಮಾಡಿ. ಬೇರೆ ಊರಿನಲ್ಲಿರುವ ನೆಂಟರಿಗೆ ಫೋನ್ ಹಚ್ಚಿ, ನಿಮ್ಮ ಅಂಗಡಿಯ ಹೆಸರು ಹೇಳದೆ, ನೀವು ಮಾರುವ ಮಾಲು ಮತ್ತು ಊರಿನ ಹೆಸರನ್ನಷ್ಟೇ ಅವರಿಗೆ ತೋಚಿದಂತೆ ಗೂಗಲ್‌ನಲ್ಲಿ ಬರೆಯಲು ಹೇಳಿ. ಅವರು ಏನು ಬರೆದರು, ಏನು ಕಂಡರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಸೈಟಿನಲ್ಲಿ ಮೊದಲು ತಿದ್ದಬೇಕಾದದ್ದು ಆ ಹಾಳೆಯಲ್ಲೇ ಇರುತ್ತದೆ.